ಆಟೋ ಸ್ಟಾರ್ಟರ್ ಹಾಕಿಸಿ, ಹಳೇ ಸ್ಟಾರ್ಟರ್ ಬಿಚ್ಚಬೇಡಿ

ನಮ್ಮ ಜಮೀನು ಮಳವಳ್ಳಿ ತಾಲ್ಲೂಕು, ಹಲಗೂರು ಕಡೆ. ಮಂಡ್ಯ ಜಿಲ್ಲೆ ಅಂದ ತಕ್ಷಣ ದೂರದವರು ನಾಲೆ, ಕಬ್ಬು, ಭತ್ತ ಅಂತಾರೆ. ವಿಶ್ವೇಶ್ವರಯ್ಯ ನಾಲೆ ನೀರು ಮಂಡ್ಯ, ಮದ್ದೂರು ದಾಟಿ ಮಳವಳ್ಳಿಯ ತಗ್ಗಿಗೂ ಬರುತ್ತೆ, ನಿಜ. ನಮ್ಮದು ದಿಣ್ಣೆ. ಮಳೆ ನಂಬಿ ನಾಲ್ಕು ಎಕರೆ ರಾಗಿ, ಅವರೆ, ಹುರುಳಿ. ಬೋರ್ ನಂಬಿ ಒಂದೂವರೆ ಎಕರೆ ಹಿಪ್ಪುನೇರಳೆ. ರಾಗಿ ಹೊಟ್ಟೆಗೆ ಆಗುತ್ತೆ. ಸಾಲ, ಮದುವೆ, ಆಸ್ಪತ್ರೆ ಎಲ್ಲಾ ನಡೆಯೋದು ಆ ಒಂದೂವರೆ ಎಕರೆ ಸೊಪ್ಪಿನಿಂದ. ಆದ್ದರಿಂದ ಬೋರಿನ ಮೋಟಾರ್ ನಿಂತರೆ ಮನೆಯೇ ನಿಂತ ಹಾಗೆ.

2024ರ ಮಾರ್ಚಿಯಲ್ಲಿ ಅದು ನಾಲ್ಕು ದಿನ ನಿಂತಿತ್ತು. ಮೋಟಾರ್ ಸುಟ್ಟಿರಲಿಲ್ಲ. ಬೋರಲ್ಲಿ ನೀರಿತ್ತು. ಕರೆಂಟೂ ಬರುತ್ತಿತ್ತು. ಕೆಟ್ಟಿದ್ದು ಅಂಗೈ ಅಗಲದ ಒಂದು ಬೋರ್ಡು. ಮೊಬೈಲಿನಿಂದ ಮೋಟಾರ್ ಆನ್ ಮಾಡೋ ಆಟೋ ಪ್ಯಾನೆಲ್ ಒಳಗಿನದು. ಅದನ್ನು ಹಾಕಿಸುವಾಗ ಮೂವತ್ತು ವರ್ಷ ದುಡಿದ ಹಳೇ ಸ್ಟಾರ್ಟರನ್ನು 400 ರೂಪಾಯಿಗೆ ಎಕ್ಸ್‌ಚೇಂಜ್ ಕೊಟ್ಟು ಕಳಿಸಿದ್ದೆ. ಈ ಲೇಖನ ಬರೆಯೋಕೆ ಆ 400 ರೂಪಾಯಿಯೇ ಕಾರಣ.

ಮೊದಲೇ ಹೇಳಿಬಿಡ್ತೀನಿ. ಆಟೋ ಬೇಡ, ಹಳೇದೇ ಚಿನ್ನ ಅಂತ ನಾನು ಹೇಳ್ತಾ ಇಲ್ಲ. ಆಟೋ ನಮ್ಮ ಮನೆಯಲ್ಲಿ ಈಗಲೂ ಇದೆ. ಅದನ್ನು ಎಲ್ಲಿ ಕೂರಿಸಬೇಕು ಅನ್ನೋದು ವಿಷಯ. ಅದು ತಿಳಿಯಬೇಕಾದರೆ ಸ್ಟಾರ್ಟರ್ ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೆ ಅರ್ಥ ಆಗಿದೆ ಅಂದಮೇಲೆ ಯಾರಿಗಾದರೂ ಆಗುತ್ತೆ.

ಹಳೇ ಸ್ಟಾರ್ಟರಿನ ಒಳಗೆ

ಹಸಿರು ಬಟನ್, ಕೆಂಪು ಬಟನ್ ಇರೋ ತಗಡಿನ ಡಬ್ಬಿ ಎಲ್ಲರೂ ನೋಡಿದ್ದೀರಿ. ಮೇನ್ ಇಳಿಸಿ, ಫ್ಯೂಸ್ ಕಿತ್ತು, ಮುಚ್ಚಳ ತೆಗೆದರೆ ಮುಖ್ಯವಾಗಿ ಮೂರು ಸಾಮಾನು ಕಾಣುತ್ತವೆ. ಒಂದು ಕಾಯಿಲ್. ತಾಮ್ರದ ತಂತಿ ಸುತ್ತಿದ್ದು. ಹಸಿರು ಒತ್ತಿದರೆ ಇದಕ್ಕೆ ಕರೆಂಟ್ ಹೋಗಿ ಅಯಸ್ಕಾಂತ ಆಗುತ್ತೆ. ಎರಡನೇದು ಕಾಂಟ್ಯಾಕ್ಟ್. ಅಯಸ್ಕಾಂತ ಎಳೆದಾಗ ಮೂರು ಜೊತೆ ತುಂಡು ಒಂದಕ್ಕೊಂದು ಕೂಡಿಕೊಂಡು ಮೂರು ಫೇಸೂ ಮೋಟಾರಿಗೆ ಹೋಗುತ್ತೆ. 'ಟಕ್' ಅಂತ ಶಬ್ದ ಬರೋದು ಇದರದ್ದೇ. ಮೂರನೇದು ರಿಲೇ. ಎರಡು ಲೋಹ ಅಂಟಿಸಿದ ಪಟ್ಟಿ. ಮೋಟಾರ್ ಹೆಚ್ಚು ಆಂಪಿಯರ್ ಎಳೆದರೆ ಬಿಸಿಯಾಗಿ ಬಗ್ಗುತ್ತೆ, ಬಗ್ಗಿ ಕಾಯಿಲಿನ ದಾರಿ ತಪ್ಪಿಸುತ್ತೆ, ಮೋಟಾರ್ ನಿಲ್ಲುತ್ತೆ.

ಕರೆಂಟ್ ಹೋದಾಗ ಕಾಯಿಲ್ ಸತ್ತು, ಸ್ಪ್ರಿಂಗ್ ತಳ್ಳಿ, ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತೆ. ಮತ್ತೆ ಕರೆಂಟ್ ಬಂದರೂ ತಾನಾಗಿ ಏಳಲ್ಲ. ಯಾರಾದರೂ ಹೋಗಿ ಹಸಿರು ಒತ್ತಬೇಕು. ನಾವೆಲ್ಲ ಇದನ್ನು ದೊಡ್ಡ ಕಾಟ ಅಂದುಕೊಂಡಿದ್ದೆವು. ಕೆಲವರು ಒಳಗೆ ಕಡ್ಡಿ ಸಿಕ್ಕಿಸಿ ಬಟನ್ ಬಿಡದ ಹಾಗೆ ಮಾಡ್ತಿದ್ದರು. ಅದು ಬಡವರ ಆಟೋ. ಹಾಗೆ ಸಿಕ್ಕಿಸಿ ಮೋಟಾರ್ ಸುಟ್ಟುಕೊಂಡವರು ನಮ್ಮೂರಲ್ಲೇ ಇದ್ದಾರೆ. ಸ್ಟಾರ್ಟರ್ ಬಿಟ್ಟುಕೊಳ್ಳೋದು ಕಾವಲಿಗೆ ಅಂತ ಮಾಡಿದ್ದು.

ಈ ಮೂರರಲ್ಲಿ ಯಾವುದು ಕೆಟ್ಟರೂ ಮಳವಳ್ಳಿಯಲ್ಲಿ ಸಿಗುತ್ತೆ. ಕಾಂಟ್ಯಾಕ್ಟ್ ಕಪ್ಪಾದರೆ ಪಾಲಿಶ್ ಪೇಪರಲ್ಲಿ ನಯವಾಗಿ ಒರೆಸಿದರೆ ಇನ್ನಷ್ಟು ದಿನ ಓಡುತ್ತೆ. ಕಾಯಿಲ್ ಸುಟ್ಟರೆ ವಾಸನೆಯಲ್ಲೇ ಗೊತ್ತು. ನಾನು ಮೂವತ್ತು ವರ್ಷದಲ್ಲಿ ನಾಲ್ಕು ಕಾಯಿಲ್, ಎರಡು ಸೆಟ್ ಕಾಂಟ್ಯಾಕ್ಟ್ ಹಾಕಿಸಿದ್ದೀನಿ. ರಿಲೇ ಒಂದು ಸಲ.

ಆದರೆ ಅದಕ್ಕೆ ಎರಡು ವಿಷಯ ತಿಳಿಯಲ್ಲ. ಇದನ್ನು ಮುಚ್ಚಿಡಬಾರದು. ಕಾಯಿಲ್ ನಿಂತಿರೋದು ಎರಡು ಫೇಸಿನ ಮೇಲೆ. ಮೂರನೇ ಫೇಸ್ ಹೋದರೆ ಕಾಯಿಲಿಗೆ ಗೊತ್ತೇ ಆಗಲ್ಲ, ಹಿಡಕೊಂಡೇ ಇರುತ್ತೆ. ಮೋಟಾರ್ ಎರಡು ಫೇಸಲ್ಲಿ ನರಳಿ ಬಿಸಿಯಾಗುತ್ತೆ. ರಿಲೇ ಸರಿಯಾಗಿ ಸೆಟ್ ಆಗಿದ್ದರೆ ಉಳೀತು, ಇಲ್ಲದಿದ್ದರೆ ವೈಂಡಿಂಗ್ ಹೋಯ್ತು. ಎರಡನೇದು, ಬೋರಲ್ಲಿ ನೀರು ಮುಗಿದದ್ದು ಅದಕ್ಕೆ ತಿಳಿಯಲ್ಲ. ನೀರಿಲ್ಲದೆ ಓಡೋ ಮೋಟಾರ್ ಹೆಚ್ಚು ಆಂಪಿಯರ್ ಎಳೆಯಲ್ಲ, ಕಮ್ಮಿ ಎಳೆಯುತ್ತೆ. ರಿಲೇ ನೋಡೋದು ಹೆಚ್ಚನ್ನು ಮಾತ್ರ. ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತ ಹರಿಯೋ ನೀರೇ ತಂಪು. ಅದಿಲ್ಲದೆ ಓಡಿದರೆ ಒಳಗೇ ಬೇಯುತ್ತೆ.

ಆಟೋ ಯಾಕೆ ಬೇಕಾಯ್ತು

ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ಮೂರು ಫೇಸ್ ಅಂತ ಲೆಕ್ಕ. ಅದು ಹಗಲಿಗೆ ಒಂದಷ್ಟು, ರಾತ್ರಿಗೆ ಒಂದಷ್ಟು. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಬದುವಿನ ಮೇಲೆ ಹೋಗಬೇಕು. ಮಧ್ಯೆ ಕರೆಂಟ್ ಹೋಗಿ ಹತ್ತು ನಿಮಿಷಕ್ಕೆ ಬಂದರೆ ಮತ್ತೆ ಹೋಗಬೇಕು. ಮಂಡಲದ ಹಾವು ನಮ್ಮ ಹೊಲದಲ್ಲಿ ಯಾವಾಗಲೂ ಇದ್ದದ್ದೇ. ಈಚೆಗೆ ಚಿರತೆ ಕಾಟ ಬೇರೆ. ನನಗೂ ಐವತ್ತು ದಾಟಿದೆ, ರಾತ್ರಿ ಕಣ್ಣು ಸರಿಯಾಗಿ ಕಾಣಲ್ಲ. 2019ರಲ್ಲಿ ಒಂದು ರಾತ್ರಿ ಸ್ಟಾರ್ಟರ್ ಗೂಡಿನ ಒಳಗೇ ಮಂಡಲ ಸುತ್ತಿಕೊಂಡು ಮಲಗಿತ್ತು. ಹಸಿರು ಬಟನ್ನಿಗೂ ಅದಕ್ಕೂ ಒಂದು ಗೇಣು. ಆ ವರ್ಷವೇ ಮಗ ಆಟೋ ಪ್ಯಾನೆಲ್ ಹಾಕಿಸಿದ. ಬಿಡದಿ ಕಡೆ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. "ಅಪ್ಪ, ಇನ್ಮೇಲೆ ರಾತ್ರಿ ಎದ್ದೋಗೋದ್ ಬುಡು. ನಾನ್ ಅಲ್ಲಿಂದ್ಲೇ ಮಿಸ್ಡ್ ಕಾಲ್ ಕೊಡ್ತೀನಿ" ಅಂದ.

ನಾಲ್ಕು ವರ್ಷ ಅದು ಸುಖ ಕೊಟ್ಟಿದೆ, ಸುಳ್ಳು ಹೇಳಬಾರದು. 2023ರಲ್ಲಿ ಮಳೆ ಕೈಕೊಟ್ಟು ತಾಲ್ಲೂಕು ಬರಪೀಡಿತ ಅಂತ ಆದಾಗ ನಮ್ಮ ಬೋರ್ ಗ್ಯಾಪ್ ಕೊಡೋಕೆ ಶುರು ಮಾಡ್ತು. ನಲವತ್ತು ನಿಮಿಷ ಓಡಿದರೆ ಗಾಳಿ ಉಗಿಯೋದು, ಮುಕ್ಕಾಲು ಗಂಟೆ ಬಿಟ್ಟರೆ ಮತ್ತೆ ಬರೋದು. ಪ್ಯಾನೆಲ್ ಆಂಪಿಯರ್ ಇಳಿದದ್ದು ನೋಡಿ ತಾನೇ ಆಫ್ ಆಗಿ, ಹೊತ್ತು ಬಿಟ್ಟು ತಾನೇ ಆನ್ ಆಗ್ತಿತ್ತು. ಅದೇ ಬೇಸಿಗೆಯಲ್ಲಿ ಪಕ್ಕದ ಹೊಲದ ನಮ್ಮ ದೊಡ್ಡಪ್ಪನವರ ಮೋಟಾರ್ ಒಣಗಿ ಓಡಿ ಸುಟ್ಟಿತು. ಅವರದು ಹಳೇ ಸ್ಟಾರ್ಟರ್. ಎತ್ತೋದು, ವೈಂಡಿಂಗ್, ಇಳಿಸೋದು ಸೇರಿ ಹನ್ನೊಂದು ಸಾವಿರ ದಾಟಿತು. ಕೊನೆಗೆ ಅವರೂ ಪ್ಯಾನೆಲ್ ಹಾಕಿಸಿದರು.

ಆ ನಾಲ್ಕು ದಿನ

ಮಾರ್ಚಿಯಲ್ಲಿ 100 ಮೊಟ್ಟೆ ಚಾಕಿ ತಂದಿದ್ದೆವು. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ರೇಷ್ಮೆ ಸಾಕದವರಿಗೆ ಒಂದು ಮಾತು: ಹುಳ ಹುಟ್ಟಿದಾಗಿಂದ ಹಣ್ಣಾಗೋವರೆಗೆ ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ತಿನ್ನೋದು ನಾಲ್ಕನೇ ಜ್ವರ ಎದ್ದಮೇಲಿನ ಏಳೆಂಟು ದಿನದಲ್ಲಿ. ಆಗ ಸೊಪ್ಪು ಬಾಡಿದ್ದರೆ ಗೂಡು ತೆಳ್ಳಗಾಗುತ್ತೆ.

ಹುಳ ಜ್ವರ ಏಳೋ ಹಿಂದಿನ ದಿನ ಪ್ಯಾನೆಲ್ ಸತ್ತಿತು. ಮೂರು ಬಲ್ಬು ಉರೀತಿದೆ, ಬಟನ್ ಒತ್ತಿದರೆ ಉಸಿರಿಲ್ಲ. ಹಾಕಿದ ಹುಡುಗನಿಗೆ ಫೋನ್ ಮಾಡಿದರೆ ಮಾರನೇ ದಿನ ಬಂದು ನೋಡಿದ. "ಅಣ್ಣ, ಬೋರ್ಡ್ ಹೋಗದೆ. ಇದ್ನ ನಾವ್ ಬಿಚ್ಚಂಗಿಲ್ಲ, ಕಂಪನಿಗೇ ಕಳಿಸ್ಬೇಕು" ಅಂದ. ಎಷ್ಟು ದಿನ ಅಂದರೆ ಹತ್ತೋ ಹದಿನೈದೋ ಅಂದ. ಅಲ್ಲಿವರೆಗೆ ನೇರವಾಗಿ ಕೊಟ್ಟು ಬಿಡಪ್ಪ ಅಂದೆ. ಪ್ಯಾನೆಲ್ ಒಳಗಿನ ಕಾಂಟ್ಯಾಕ್ಟರ್ ಚೆನ್ನಾಗೇ ಇತ್ತು. ಆದರೆ ಅದರ ಕಾಯಿಲಿಗೆ ಬೋರ್ಡಿನಿಂದಲೇ ಕರೆಂಟ್ ಬರಬೇಕು, ಆ ಕಾಯಿಲಿನ ವೋಲ್ಟೂ ಬೇರೆ. ಅವನು ಕೈ ಹಾಕೋಕೆ ಹೆದರಿದ. ಅವನ ತಪ್ಪೂ ಅಲ್ಲ. ಹಾಕೋದು ಕಲಿಸಿದ್ದಾರೆ, ರಿಪೇರಿ ಕಲಿಸಿಲ್ಲ.

ಎರಡು ದಿನ ನಾಲೆ ಬದಿಯ ಊರಿಂದ ಸೊಪ್ಪು ಕೊಂಡು ಗೂಡ್ಸ್ ಆಟೋದಲ್ಲಿ ತಂದೆವು. ನಾಲ್ಕು ಸಾವಿರದ ಎಂಟುನೂರು ಹೋಯ್ತು. ಅದೂ ಬಿಸಿಲಲ್ಲಿ ಬಂದು ಬಾಡಿದ ಸೊಪ್ಪು. ನಮ್ಮ ಮನೆಯವರು ತಟ್ಟೆ ಮುಂದೆ ಕೂತು ಒದ್ದೆ ಗೋಣಿ ಹೊದಿಸ್ತಾ, "ಫೋನ್ ನಿಮ್ ಮಗನ್ ತಾವ, ಬೋರ್ಡ್ ಕಂಪ್ನಿ ತಾವ, ಸಾಯೋ ಹುಳ ಮಾತ್ರ ನನ್ ತಾವ" ಅಂದಳು. ಹಳೇ ಸ್ಟಾರ್ಟರ್ ಇದ್ದಾಗ ಅವಳೇ ಹೋಗಿ ಒತ್ತಿ ಬರ್ತಿದ್ದಳು. ಆಟೋ ಬಂದಮೇಲೆ ಮೋಟಾರಿನ ಯಜಮಾನಿಕೆ ಅವಳ ಕೈಯಿಂದ ಬಿಡದಿಗೆ ಹೋಗಿತ್ತು. ಅದು ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ.

ನಾಲ್ಕನೇ ದಿನ ಸಾಯಂಕಾಲ ದೊಡ್ಡಪ್ಪ ಹುಳ ಮನೆ ಕಡೆ ಬಂದರು. "ನನ್ ಹಳೇ ಸ್ಟಾರ್ಟರ್ ಅಟ್ಟದ್ ಮೇಲೆ ಬಿದ್ದೈತೆ, ಎತ್ಕೊಂಡ್ ಹೋಗ್ಲಾ. ವಾಪಸ್ ಕೊಡೋದ್ ಮಾತ್ರ ಮರೀಬ್ಯಾಡ" ಅಂದರು. ಅವರ ಮನೆಯಲ್ಲಿ ಏನನ್ನೂ ಎಸೆಯಲ್ಲ, ಮುರಿದ ಕೂರಿಗೆ ತಾಳೂ ಇದೆ. ಇಳಿಸಿ ನೋಡಿದರೆ ಒಳಗೆ ಕಣಜ ಗೂಡು ಕಟ್ಟಿತ್ತು. ಕೆರೆದು, ಕಾಂಟ್ಯಾಕ್ಟ್ ಒರೆಸಿ, ಲೈನ್ ಕೊಟ್ಟು ಹಸಿರು ಒತ್ತಿದೆ. ಟಕ್ ಅಂತು. ಐದು ನಿಮಿಷಕ್ಕೆ ಪೈಪಿನಲ್ಲಿ ನೀರು.

ಆ ಬೆಳೆಗೆ 51 ಕೆ.ಜಿ. ಗೂಡು ಬಂತು. ಅದರ ಹಿಂದಿನ ಬೆಳೆ 66. ಗೂಡೂ ತೆಳು. ರಾಮನಗರದ ಮಾರುಕಟ್ಟೆಯಲ್ಲಿ ಅದನ್ನು ಕೂಗಿಕೊಂಡವರು ಚರಕದವರು. ಇದೂ ನಮ್ಮ ವಿಷಯಕ್ಕೆ ಸೇರಿದ್ದೇ. ರಾಮನಗರ ಕಡೆ ಈಗ ಆಟೋಮ್ಯಾಟಿಕ್ ನೂಲು ಯಂತ್ರ ಬಂದಿವೆ. ನೂಲು ಒಂದೇ ಸಮ, ದರ್ಜೆ ಮೇಲು. ಆದರೆ ಆ ಯಂತ್ರಕ್ಕೆ ಒಳ್ಳೇ ದ್ವಿತಳಿ ಗೂಡೇ ಬೇಕು. ಕೆಟ್ಟ ಗೂಡು ಕೊಟ್ಟರೆ ಎಳೆ ಕಡಿದು ನಿಲ್ಲುತ್ತೆ. ಚರಕದಲ್ಲಿ ಕೂತ ಮನುಷ್ಯ ಎಂಥಾ ಗೂಡಿಂದಲೂ ಏನೋ ಒಂದು ನೂಲು ಎಳೀತಾನೆ, ಹೊಗೆ ಕುಡಿದು ಕೈ ಬೇಯಿಸಿಕೊಂಡು. ಅವನ ಕಷ್ಟ ನೋಡಿದರೆ ಯಂತ್ರ ಬರಲಿ ಅನಿಸುತ್ತೆ. ನಮ್ಮಂಥವರ ಕೆಟ್ಟ ಬೆಳೆಯ ದಿನ ಅವನು ಇರಲಿ ಅನಿಸುತ್ತೆ.

ತಾನಾಗಿ ನಡೆಯೋದು ಹೊಸದಲ್ಲ

ಇಷ್ಟು ಓದಿ ಕೆಲವರು 'ಹಾಗಾದರೆ ತಾನಾಗಿ ನಡೆಯೋದೇ ತಪ್ಪು' ಅನ್ನಬಹುದು. ನಾನು ಹುಡುಗನಾಗಿದ್ದಾಗ ನಮ್ಮ ತಂದೆ ಕಪಿಲೆ ಹೊಡೀತಿದ್ದರು. ತೊಗಲಿನ ಬಾನಿ. ಅದರ ತಳಕ್ಕೆ ಆನೆ ಸೊಂಡಿಲಿನ ಹಾಗೆ ಒಂದು ತೊಗಲಿನ ಕೊಳವೆ. ಬಾನಿಯ ಬಾಯಿಗೆ ದಪ್ಪ ಮಿಣಿ, ಮೇಲಿನ ರಾಟೆ ಮೇಲೆ. ಸೊಂಡಿಲಿಗೆ ಸಣ್ಣ ಹಗ್ಗ, ಕೆಳಗಿನ ಉರುಳೆ ಮೇಲೆ. ಬಾನಿ ಏರುವಾಗ ಸೊಂಡಿಲು ಮಡಚಿಕೊಂಡು ಮೇಲ್ಮುಖ ಇರುತ್ತೆ, ನೀರು ಚೆಲ್ಲಲ್ಲ. ಮೇಲೆ ಬಂದ ಕೂಡಲೇ ಸಣ್ಣ ಹಗ್ಗ ಸೊಂಡಿಲನ್ನು ತೊಟ್ಟಿ ಕಡೆ ಎಳೆಯುತ್ತೆ, ನೀರು ತಾನಾಗಿ ಸುರಿಯುತ್ತೆ. ಬಾವಿ ಬಾಯಲ್ಲಿ ಬಾನಿ ಬಗ್ಗಿಸೋಕೆ ಇನ್ನೊಂದು ಆಳೇ ಬೇಡ. ಎತ್ತು ಹೊಡೆಯೋನು ಒಬ್ಬನೇ ಸಾಕು. ಅದೂ ಆಟೋಮ್ಯಾಟಿಕ್ ಅಲ್ಲವೇ! ಎರಡು ಹಗ್ಗದ ಉದ್ದದ ಲೆಕ್ಕ, ಅಷ್ಟೇ. ತೊಗಲು ಹರಿದರೆ ಊರಲ್ಲೇ ಹೊಲಿಯೋರಿದ್ದರು, ಮಿಣಿ ಸವೆದರೆ ಹೊಸದು ಹೊಸೆಯೋರಿದ್ದರು. ಹಾಗಂತ ಕಪಿಲೆ ಕಾಲ ಬರಲಿ ಅಂತ ನಾನು ಕೇಳಲ್ಲ. ಇಳಿಜಾರಲ್ಲಿ ಹಿಂದಕ್ಕೆ ಹತ್ತಿ ಹತ್ತಿ ಎತ್ತಿನ ಹೆಗಲೂ ತಂದೆಯ ಮೊಣಕಾಲೂ ಹೋದವು.

ಇನ್ನೂ ದೊಡ್ಡದು ಬೇಕಾದರೆ ಮಾರ್ಕೋನಹಳ್ಳಿ ಜಲಾಶಯ ನೋಡಿ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ್ದು, ಮಹಾರಾಜರ ಕಾಲದ್ದು. ಆ ನದಿಯೇ ಕೆಳಗೆ ಮದ್ದೂರು ದಾಟಿ ನಮ್ಮ ಮಳವಳ್ಳಿ ಕಡೆ ಬಂದು ಕಾವೇರಿ ಸೇರೋದು. ಅಲ್ಲಿ ಹೆಚ್ಚು ನೀರು ಬಿಡೋಕೆ ಸೈಫನ್ ಇದೆ. ಡ್ರಮ್ಮಿನಿಂದ ಡೀಸೆಲ್ಲನ್ನು ಪೈಪ್ ಬಾಯಲ್ಲಿ ಎಳೆದು ಇಳಿಸ್ತೀವಲ್ಲ, ಅದೇ ಕ್ರಮ, ಗಾರೆ ಕಟ್ಟಡದಲ್ಲಿ ಮಾಡಿದ್ದು. ನೀರು ಮಟ್ಟಕ್ಕೆ ಏರಿದರೆ ಒಳಗಿನ ಗಾಳಿ ಹೊರಟು, ಸೈಫನ್ ಹಿಡಿದು, ಭರ್ರನೆ ಎಳೆಯುತ್ತೆ. ಮಟ್ಟ ಇಳಿದರೆ ಗಾಳಿ ಒಳಗೆ ಹೋಗಿ ತಾನೇ ನಿಲ್ಲುತ್ತೆ. ಬಾಗಿಲಿಲ್ಲ, ಚಕ್ರ ಇಲ್ಲ, ಕರೆಂಟ್ ಬೇಡ, ರಾತ್ರಿ ಎದ್ದು ಹೋಗೋ ಗೇಟ್‌ಮ್ಯಾನೂ ಬೇಡ.

ಹಾಗಾಗಿ ತಾನಾಗಿ ನಡೆಯುತ್ತೋ ಕೈಯಲ್ಲಿ ನಡೆಯುತ್ತೋ ಅಂತ ಕೇಳಿ ಪ್ರಯೋಜನ ಇಲ್ಲ. ನಿಂತಾಗ ಬಿಚ್ಚೋನು ಎಷ್ಟು ದೂರದಲ್ಲಿದ್ದಾನೆ ಅಂತ ಕೇಳಬೇಕು. ನಮ್ಮ ಕಡೆ ಆಲೆಮನೆಯ ಗಾಣದ ಹಲ್ಲು ಮುರಿದರೆ ಮಂಡ್ಯದ ಲೇತಿನವನು ಮಾಡಿ ಕೊಡ್ತಾನೆ. ಟ್ರ್ಯಾಕ್ಟರಲ್ಲೂ ಈ ಪ್ರಶ್ನೆ ಬರ್ತಾ ಇದೆ. 2023ರ ಜನವರಿಯಿಂದ 50 ಎಚ್.ಪಿ. ಮೇಲಿನ ಹೊಸ ಟ್ರ್ಯಾಕ್ಟರಿಗೆ ಹೊಗೆ ನಿಯಮ ಬಿಗಿಯಾಯ್ತು, ಅದಕ್ಕಾಗಿ ಇಂಜಿನ್ನಿಗೆ ಎಲೆಕ್ಟ್ರಾನಿಕ್ ಬಂತು. ನಮ್ಮ ಸಣ್ಣ ಟ್ರ್ಯಾಕ್ಟರ್‌ಗಳು ಸದ್ಯ ಬಚಾವು. ಅಮೆರಿಕದಲ್ಲಿ ಇದೇ ಜಗಳ ಜೋರಾಗಿ ನಡೆದು, ಕೊಲರಾಡೋ ಅನ್ನೋ ರಾಜ್ಯ 2023ರಲ್ಲಿ ಕಾನೂನೇ ಮಾಡಿತು. ಕೃಷಿ ಯಂತ್ರದ ಕಂಪನಿ ರೈತನಿಗೆ ಬಿಡಿಭಾಗ, ಪುಸ್ತಕ, ಸಾಫ್ಟ್‌ವೇರ್ ಕೊಡಲೇಬೇಕು ಅಂತ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ಇಲಾಖೆಯೂ 2022ರ ಡಿಸೆಂಬರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಅದರಲ್ಲಿ ಮೊಬೈಲ್, ವಾಹನ, ಮನೆ ಸಾಮಾನಿನ ಜೊತೆ ಕೃಷಿ ಉಪಕರಣವೂ ಇದೆ. ಒಳ್ಳೇದೇ. ಆದರೆ ಹುಳ ಜ್ವರ ಎದ್ದಾಗ ಪೋರ್ಟಲ್ ನೋಡೋಕಾಗಲ್ಲ.

ಎಲ್ಲರೂ ಒಟ್ಟಿಗೆ ಎದ್ದರೆ

ಆಟೋದಿಂದ ಇನ್ನೊಂದು ತೊಂದರೆ ಇದೆ. ಅದು ಒಬ್ಬರ ಹೊಲದಲ್ಲಿ ಕಾಣಲ್ಲ. ನಮ್ಮ ಟಿಸಿ 63 ಕೆ.ವಿ.ಎ. ಅದರ ಮೇಲೆ ಒಂಬತ್ತು ಜನ, ಎಲ್ಲರದೂ 5 ಎಚ್.ಪಿ. ಓಡುವಾಗ ಒಂದು ಮೋಟಾರ್ ಸುಮಾರು 8 ಆಂಪಿಯರ್ ಎಳೆಯುತ್ತೆ. ಒಂಬತ್ತಕ್ಕೆ 72. ಟಿಸಿ ಸುಮಾರು 84 ಕೊಡಬಲ್ಲದು. ಸರಿಹೋಯ್ತು. ಆದರೆ ಏಳೋ ಗಳಿಗೆಯಲ್ಲಿ ಮೋಟಾರ್ ಐದಾರು ಪಟ್ಟು ಎಳೆಯುತ್ತೆ. ಅಂದರೆ ಒಂದಕ್ಕೆ 40ರ ಮೇಲೆ. ಕೈಯಲ್ಲಿ ಒತ್ತೋ ಕಾಲದಲ್ಲಿ ಒಬ್ಬ ಈಗ ಬಂದ, ಇನ್ನೊಬ್ಬ ಕಾಫಿ ಕುಡಿದು ಬಂದ, ಮತ್ತೊಬ್ಬ ಮರೆತೇಬಿಟ್ಟ. ನಮ್ಮ ಸೋಮಾರಿತನವೇ ಟಿಸಿಯನ್ನು ಕಾಯ್ತಿತ್ತು. ಆಟೋ ಬಂದಮೇಲೆ ಕರೆಂಟ್ ಬಂದ ಕ್ಷಣಕ್ಕೆ ಒಂಬತ್ತೂ ಎದ್ದವು. 360 ಆಂಪಿಯರ್! ವೋಲ್ಟೇಜ್ ಕುಸಿದು ಯಾವುದೂ ಸರಿಯಾಗಿ ಏಳದೆ ಗುಂಯ್ ಅಂತ ನರಳೋವು. 2021ರ ಬೇಸಿಗೆಯಲ್ಲಿ ಟಿಸಿ ಎರಡು ಸಲ ಸುಟ್ಟಿತು.

ಇದಕ್ಕೆ ಮದ್ದು ಪೆಟ್ಟಿಗೆಯಲ್ಲೇ ಇದೆ. ಹೆಚ್ಚಿನವುಗಳಲ್ಲಿ ಕರೆಂಟ್ ಬಂದು ಎಷ್ಟು ಹೊತ್ತಿಗೆ ಏಳಬೇಕು ಅಂತ ಸೆಕೆಂಡ್ ಇಡಬಹುದು. ನಾವು ಒಂಬತ್ತು ಜನ ಮಾರಮ್ಮನ ಗುಡಿ ಜಗಲಿ ಮೇಲೆ ಕೂತು ಚೀಟಿ ಎತ್ತಿದೆವು. ಮೊದಲನೆಯವನು 20 ಸೆಕೆಂಡ್, ಎರಡನೆಯವನು 40, ಹೀಗೆ ಕೊನೆಯವನು 180. ನನಗೆ 140 ಬಂತು. ಕೊನೆ ಚೀಟಿ ಬಂದವನು ಒಂದು ವಾರ ಮುನಿಸಿಕೊಂಡಿದ್ದ, ಮೂರು ನಿಮಿಷದ ನೀರು ಹೋಯ್ತು ಅಂತ. ಆಮೇಲೆ ಟಿಸಿ ಸುಟ್ಟಿಲ್ಲ.

ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ನಾವು ಬ್ಲಫ್ ಅಂತ ಕರೆಯೋ ಜಾಗ. ನಮ್ಮ ಹೊಲಕ್ಕೆ ಕಂಬ ಬರೋಕೆ 1981 ಆಯ್ತು. ಅಷ್ಟು ಕಾದು ಬಂದ ಕರೆಂಟನ್ನು ಮೂರು ನಿಮಿಷ ಕಾಯೋಕೆ ಆಗಲ್ಲವೇ ಅಂತ ಅವನಿಗೆ ಹೇಳಿದೆ.

ಕೈ ಹಾಕೋ ಮೊದಲು

ಇದನ್ನು ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಮನೆಯವರಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ. 2022ರಲ್ಲಿ ಯುಗಾದಿ ಕಳೆದಮೇಲೆ ಬೋರಿನ ಬಾಯಲ್ಲಿ ಕೇಬಲ್ ಜಾಯಿಂಟಿನ ಟೇಪು ಹಳೇದಾಗಿತ್ತು. ಕರೆಂಟ್ ಇರಲಿಲ್ಲ. ಟೇಪ್ ಬಿಚ್ಚಿದೆ. ಹೊಸ ಟೇಪು ಚೀಲದಲ್ಲಿತ್ತು, ಚೀಲ ಹುಣಸೇ ಮರದ ಕೆಳಗೆ. ಎದ್ದು ಹತ್ತು ಹೆಜ್ಜೆ ಹೋಗಿರಬಹುದು. ಹೊತ್ತಲ್ಲದ ಹೊತ್ತಲ್ಲಿ ಕರೆಂಟ್ ಬಂದಿದೆ. ಪೆಟ್ಟಿಗೆ ಅದರ 140 ಸೆಕೆಂಡ್ ಎಣಿಸಿಕೊಂಡಿದೆ. ಮೋಟಾರ್ ಎದ್ದಿತು. ಬರೀ ತಾಮ್ರ ಬಿಸಿಲಿಗೆ ಹೊಳೀತಿತ್ತು.

ಮೂವತ್ತು ವರ್ಷದ ಅಭ್ಯಾಸ ನನ್ನನ್ನು ಮೋಸ ಮಾಡಿತ್ತು. ಹಳೇ ಸ್ಟಾರ್ಟರಲ್ಲಿ ಯಾರೂ ಒತ್ತದೆ ಬೋರಿನ ಬಾಯಿಗೆ ಕರೆಂಟ್ ಹೋಗಲ್ಲ. ಒತ್ತೋನು ನಾನೇ, ನಾನು ಇಲ್ಲಿದ್ದೀನಿ, ಹಾಗಾಗಿ ಭಯ ಇಲ್ಲ. ಆಟೋದಲ್ಲಿ ಒತ್ತೋನು ಪೆಟ್ಟಿಗೆ, ಇಲ್ಲವೇ ಬಿಡದಿಯಲ್ಲಿರೋ ಮಗ. ಅವನಿಗೆ ಅಪ್ಪನ ಕೈ ಎಲ್ಲಿದೆ ಅಂತ ಕಾಣಲ್ಲ. ಆಟೋ ಇರೋರು ಇದನ್ನು ಮನೆ ಮಂದಿಗೆಲ್ಲ ಹೇಳಿ: ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಆಮೇಲೆ ಕೈ ಹಾಕಿ. ಕರೆಂಟ್ ಇಲ್ಲದಾಗಲೂ ಅಷ್ಟೇ. ಫ್ಯೂಸನ್ನು ಡಬ್ಬಿ ಮೇಲೆ ಇಡಬೇಡಿ. ಬೇರೆಯವರು ಹಾಕಿಬಿಡ್ತಾರೆ.

ಈಗಿನ ಏರ್ಪಾಡು

ಪೇಟೆಯಲ್ಲಿ ಎರಡು ತರಹದ ಆಟೋ ಇದೆ. ಒಂದು, ನನ್ನದರ ಹಾಗೆ ಪೂರ್ತಿ ಪ್ಯಾನೆಲ್. ಕಾಂಟ್ಯಾಕ್ಟರ್, ಬೋರ್ಡು, ಸಿಮ್ ಎಲ್ಲಾ ಒಂದೇ ಡಬ್ಬಿ. ಇನ್ನೊಂದು ಸಣ್ಣ ಪೆಟ್ಟಿಗೆ, ಹಳೇ ಸ್ಟಾರ್ಟರಿಗೆ ಪಕ್ಕದಲ್ಲಿ ಸೇರಿಸೋದು. ಅದರ ಎರಡು ವೈರು ಹಸಿರು ಬಟನ್ನಿನ ಜೊತೆಗೆ, ಎರಡು ವೈರು ಕೆಂಪು ಬಟನ್ನಿನ ದಾರಿಯಲ್ಲಿ. ಅದು ಮಾಡೋದು ಬೆರಳಿನ ಕೆಲಸ ಮಾತ್ರ. ಮೂರು ಫೇಸ್ ಇದೆಯಾ ನೋಡಿ ಹಸಿರು ಒತ್ತುತ್ತೆ, ನೀರು ಮುಗಿದರೆ ಕೆಂಪು ಒತ್ತುತ್ತೆ. ಅದು ಕೆಟ್ಟರೆ ವೈರು ಬಿಡಿಸಿ ಮೊದಲಿನ ಹಾಗೆ ಮಾಡಿಸಿಕೊಂಡು ಬೆರಳಲ್ಲೇ ಒತ್ತಿಕೊಳ್ಳಬಹುದು. ಹೊಸದಾಗಿ ಹಾಕಿಸೋರು ಈ ಎರಡನೇದನ್ನೇ ಕೇಳಿ. ಅಂಗಡಿಯವರು ಮೊದಲನೇದನ್ನು ತೋರಿಸ್ತಾರೆ, ನೋಡೋಕೆ ಅದೇ ಚೆಂದ.

ನಾನು ಆಗಲೇ ಪ್ಯಾನೆಲ್ ಕೊಂಡವನು. ಬೋರ್ಡು ಹತ್ತೊಂಬತ್ತನೇ ದಿನಕ್ಕೆ ಬಂತು, 2,600 ರೂಪಾಯಿ. ಮಳವಳ್ಳಿಯಲ್ಲಿ ಒಂದು ಹಳೇ ಸ್ಟಾರ್ಟರ್ 1,100ಕ್ಕೆ ತಂದು, 650ರ ಸಿಂಗಲ್ ಫೇಸ್ ಪ್ರಿವೆಂಟರ್ ಸೇರಿಸಿ, ಎರಡರ ಮಧ್ಯೆ ಒಂದು ಚೇಂಜ್‌ಓವರ್ ಹ್ಯಾಂಡಲ್ ಹಾಕಿಸಿದೆ. ಹ್ಯಾಂಡಲ್ ಮೇಲಕ್ಕೆ ಹಾಕಿದರೆ ಪ್ಯಾನೆಲ್, ಕೆಳಕ್ಕೆ ಹಾಕಿದರೆ ಹಳೇದು, ನಡುವೆ ನಿಲ್ಲಿಸಿದರೆ ಎರಡೂ ಇಲ್ಲ. ಬೋರಿನ ಬಾಯಲ್ಲಿ ಕೆಲಸ ಇದ್ದಾಗ ಮೊದಲು ನಡುವೆ ನಿಲ್ಲಿಸ್ತೀನಿ, ಆಮೇಲೆ ಫ್ಯೂಸ್ ಕೀಳ್ತೀನಿ. ಹಳೇದರಲ್ಲಿ ಓಡಿಸುವಾಗ ನೀರು ಮುಗಿದದ್ದು ತಿಳಿಯಲು ಆಂಪಿಯರ್ ಮೀಟರೇ ಗತಿ. ನನ್ನದು ನೀರಿದ್ದಾಗ 8ರ ಹತ್ತಿರ ನಿಲ್ಲುತ್ತೆ, ಗಾಳಿ ಎಳೆಯೋಕೆ ಶುರುವಾದರೆ 5ಕ್ಕೆ ಇಳಿದು ಮುಳ್ಳು ನಡುಗುತ್ತೆ. ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೀನಿ. ಅದಕ್ಕಿಂತ ಕೆಳಗೆ ಹೋದರೆ ನಿಲ್ಲಿಸೋದು. ಮನೆಯವರಿಗೂ ಅದು ಗೊತ್ತು.

ವಾರಕ್ಕೆ ಒಂದು ದಿನ ಹಳೇದರಲ್ಲೇ ಓಡಿಸ್ತೀವಿ. ಸುಮ್ಮನೆ ಬಿಟ್ಟರೆ ಕಾಂಟ್ಯಾಕ್ಟಿಗೆ ಕಿಲುಬು, ಒಳಗೆ ಇರುವೆ, ಕಣಜ. ಬೇಕಾದ ದಿನ ಏಳಲ್ಲ.

ಸಿಮ್ ಬಗ್ಗೆ ಎರಡು ಮಾತು. ನನ್ನ ಪೆಟ್ಟಿಗೆ 2ಜಿ ಮಾತ್ರ ಹಿಡಿಯುತ್ತೆ. 4ಜಿ ಮಾತ್ರ ಇರೋ ಕಂಪನಿಯ ಸಿಮ್ ಅದರಲ್ಲಿ ನಡೆಯಲ್ಲ. ಕೊಳ್ಳುವ ಮೊದಲು ಇದನ್ನು ಕೇಳಿ, ಯಾಕಂದರೆ ಮೋಟಾರ್ ಇಪ್ಪತ್ತು ವರ್ಷ ಬಂದರೂ ನೆಟ್‌ವರ್ಕ್ ಅಷ್ಟು ದಿನ ಇರುತ್ತೆ ಅಂತ ಯಾರೂ ಬರೆದುಕೊಡಲ್ಲ. ಮೊದಲು ಲೈಫ್‌ಟೈಮ್ ಇನ್‌ಕಮಿಂಗ್ ಅಂತ ಇತ್ತು. 2018ರ ಕೊನೆಯಿಂದ ಸಿಮ್ ಜೀವಂತ ಇಡೋಕೂ ರೀಚಾರ್ಜ್ ಹಾಕ್ತಾನೇ ಇರಬೇಕು ಅಂತ ಆಯ್ತು. ಕರೆಂಟ್ ಪುಕ್ಕಟೆ, ಕರೆಂಟಿಗೆ ಫೋನ್ ಮಾಡೋದಕ್ಕೆ ದುಡ್ಡು!

ಅಂಗಡಿಯಲ್ಲಿ ನಾನು ಈಗ ಕೇಳೋ ಪ್ರಶ್ನೆ ಒಂದೇ: ಇದರ ಬೋರ್ಡ್ ಹೋದರೆ ಬದಲಿ ಬೋರ್ಡ್ ನಿಮ್ಮ ಕಪಾಟಿನಲ್ಲಿ ಇದೆಯಾ, ತೋರಿಸಿ. ಬಾಯಲ್ಲಿ ಇದೆ ಅನ್ನೋರು ಬಹಳ ಜನ.

ನೀರು ಮುಗಿದದ್ದನ್ನು ಬೋರ್ಡ್ ಇಲ್ಲದೆ, ಊರಲ್ಲೇ ರಿಪೇರಿ ಆಗೋ ಸಾಮಾನಿನಿಂದ ತಿಳಿದು ಮೋಟಾರ್ ನಿಲ್ಲಿಸೋ ಉಪಾಯ ಓದುಗರಲ್ಲಿ ಯಾರಾದರೂ ಮಾಡಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಹೊರಗೆ ನೀರು ಬೀಳೋ ಪೈಪಿನ ಬಾಯಿಗೆ ಒಂದು ತಗಡಿನ ರೆಕ್ಕೆ ಕಟ್ಟಿ, ನೀರು ನಿಂತರೆ ರೆಕ್ಕೆ ಬಿದ್ದು ಕೆಂಪು ಬಟನ್ನಿನ ದಾರಿ ತಪ್ಪೋ ಹಾಗೆ ಮಾಡಬಹುದಾ ಅಂತ ನಾನು ಯೋಚಿಸ್ತಾ ಇದ್ದೀನಿ. ಬೋರಿನಿಂದ ಪೈಪಿನ ಬಾಯಿ ಇನ್ನೂರು ಅಡಿ ದೂರ, ಅಷ್ಟು ಉದ್ದ ವೈರು ಎಳೆದರೆ ಇಲಿ ಬಿಡುತ್ತಾ ಅನ್ನೋದೇ ಅನುಮಾನ.

ದೊಡ್ಡಪ್ಪನ ಸ್ಟಾರ್ಟರ್ ಹಿಂದಕ್ಕೆ ಕೊಟ್ಟೆ. ಕಣಜ ಹೋಗದ ಹಾಗೆ ತೂತಿಗೆ ಸಣ್ಣ ಜಾಲರಿ ಹಾಕಿ ಕೊಟ್ಟೆ. ಅದು ಮತ್ತೆ ಅಟ್ಟ ಸೇರಿದೆ. ಆಮೇಲೆ ಇಬ್ಬರು ಬಂದು ಎರವಲು ತಗೊಂಡು ಹೋಗಿ ವಾಪಸ್ ತಂದುಕೊಟ್ಟಿದ್ದಾರೆ.